ನಳಿಗೆಯ ಮೇಲೆ ಪೆಪ್ಪರ್‌ಮಿಂಟ್

ಬಂದೂಕಿಗೂ ಕಾಲು ಬೇಕಾಗುತ್ತದೆ ಎಂಬುದು ಮುಸರ್ರತ್‌ಗೆ ಮೊದಲು ಗೊತ್ತಿರಲಿಲ್ಲ. ಈಗ ನಾರ್ತ್‌ವಿಲ್‌ನ ಅವಳ ಮನೆಯ ಗರಾಜಿನಲ್ಲಿ ಒಂದೇ ಬಂದೂಕಿಗೆ ಹನ್ನೊಂದು ಕಾಲುಗಳಿದ್ದವು. ನಳಿಗೆಗೆ ಕಚ್ಚಿಕೊಳ್ಳುವ ಎರಡು ಕಾಲಿನದೊಂದು, ಕತ್ತರಿಯ ಹಾಗೆ ಬಿಚ್ಚಿಕೊಳ್ಳುವ ಕೋಲು ಒಂದು ಜೊತೆ, ಮೂರು ಕಾಲಿನವು ಎರಡು, ಊರುಗೋಲಿನಂಥ ಒಂಟಿ ಕಾಲಿನದು ಇನ್ನೊಂದು. ಇಷ್ಟು ಕಾಲಿದ್ದೂ ಮೂರು ವರ್ಷದಿಂದ ಆ ಬಂದೂಕು ಒಂದು ಜಿಂಕೆಯನ್ನೂ ಮನೆಗೆ ತಂದಿರಲಿಲ್ಲ.

ನವೆಂಬರ್ ಮೂವತ್ತು, ಬೇಟೆಯ ಸೀಸನ್ನಿನ ಕೊನೆಯ ದಿನ. ಆ ಕಾಲುಗಳನ್ನೆಲ್ಲ ಮಿನಿವ್ಯಾನಿನ ಹಿಂದೆ ತುಂಬಿಕೊಂಡು ಗಂಡ ಸರ್ದಾರ್ ಸಾಹೇಬರು ಉತ್ತರಕ್ಕೆ ಡ್ರೈವ್ ಮಾಡುತ್ತಿದ್ದರು. ಪಕ್ಕದ ಸೀಟಿನಲ್ಲಿ ಮುಸರ್ರತ್ ಕಿತ್ತಳೆ ಬಣ್ಣದ ಜಾಕೆಟ್ಟು, ಅದೇ ಬಣ್ಣದ ಟೋಪಿ ಹಾಕಿಕೊಂಡು ಮುಖ ಊದಿಸಿಕೊಂಡು ಕೂತಿದ್ದಳು. ಹೊರಗೆ ಇಪ್ಪತ್ತಾರು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ.

“ಒಂದು ತಂದಿದ್ರೆ ಸಾಕಿತ್ತು. ಎಲ್ಲಾ ಯಾಕೆ ತುಂಬ್ಕೊಂಡ್ರಿ?”

“ಇರ್ಲಿ. ಅಲ್ಲಿ ನೆಲ ಹೆಂಗಿರುತ್ತೋ ಏನೋ.”

“ನೆಲಕ್ಕೇನಾಗಿದೆ? ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ.”

ಸರ್ದಾರ್ ಉತ್ತರ ಕೊಡಲಿಲ್ಲ. ಹೀಗೆ ಉತ್ತರ ಕೊಡದಿರುವುದೇ ಅವಳಿಗೆ ಭಯ. ಅವರಿಬ್ಬರದೂ ಮನೆಮಾತು ಉರ್ದು, ಆದರೆ ಜಗಳ ಮಾತ್ರ ಕನ್ನಡದಲ್ಲಿ. ಹಮ್ಜಾ, ರುಕ್ಸಾರ್ ಚಿಕ್ಕವರಿದ್ದಾಗ ಮಕ್ಕಳಿಗೆ ತಿಳಿಯಬಾರದೆಂದು ಮಾಡಿಕೊಂಡ ಏರ್ಪಾಡು ಅದು. ಗಂಡ ಅರಸೀಕೆರೆಯವರು, ಇವಳು ತಿಪಟೂರಿನವಳು, ಇಬ್ಬರಿಗೂ ಬೀದಿಯ ಕನ್ನಡ ಬಾಯಿತುದಿಯಲ್ಲೇ ಇತ್ತು. ಮಕ್ಕಳು ದೊಡ್ಡವರಾಗಿ ಮನೆ ಬಿಟ್ಟರೂ ಜಗಳದ ಭಾಷೆ ಬದಲಾಗಲಿಲ್ಲ. ಹಾಗಾಗಿ ಮನೆಯಲ್ಲಿ ಕನ್ನಡ ಕಿವಿಗೆ ಬೀಳುತ್ತಿದ್ದರೆ ಸರ್ದಾರ್ ಸರಿಯಾಗಿದ್ದಾರೆ ಎಂದೇ ಅವಳ ಲೆಕ್ಕ.

ಒಂದು ಚಳಿಗಾಲವಿಡೀ ಆ ಮನೆಯಲ್ಲಿ ಕನ್ನಡ ಕೇಳಿಸಿರಲಿಲ್ಲ. ಸರ್ದಾರ್ ಇಪ್ಪತ್ತಾರು ವರ್ಷ ಕಾರುಗಳ ಚಕ್ರ ನೇರ ಮಾಡುವ ಅಂಗಡಿ ನಡೆಸಿದವರು. ಕೂದಲೆಳೆಯಷ್ಟು ಸೊಟ್ಟಗಿದ್ದರೂ ಕಣ್ಣಲ್ಲೇ ಹಿಡಿಯುತ್ತಿದ್ದರು. ಬೆನ್ನಿನ ಡಿಸ್ಕ್ ಆಪರೇಷನ್ ಆದ ಮೇಲೆ ಅಂಗಡಿ ಮಾರಿದರು. ಆಮೇಲೆ ಗರಾಜಿನಲ್ಲಿ ಒಂದು ಮಡಿಸುವ ಕುರ್ಚಿ ಹಾಕಿಕೊಂಡು, ಮುಚ್ಚಿದ ಬಾಗಿಲ ಕಡೆ ಮುಖ ಮಾಡಿ ಕೂತವರು ಏಪ್ರಿಲ್‌ವರೆಗೆ ಏಳಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದರು, ಉಂಡು ಮತ್ತೆ ಹೋಗಿ ಕೂರುತ್ತಿದ್ದರು. ಸಾರಿಗೆ ಬೇಕೆಂದೇ ಉಪ್ಪು ಜಾಸ್ತಿ ಹಾಕಿ ಬಡಿಸಿದರೂ ಜಗಳಕ್ಕೆ ಬರಲಿಲ್ಲ. ಆವತ್ತು ಅವಳು ಬಚ್ಚಲಿಗೆ ಹೋಗಿ ಅತ್ತಿದ್ದಳು.

ಅಲ್ಲಿಂದ ಅವರನ್ನು ಎಬ್ಬಿಸಿದವನು ಎದುರುಮನೆಯ ರಮೇಶ. ಮಂಡ್ಯದವನು, ಆಸ್ಪತ್ರೆಯೊಂದರ ಕಂಪ್ಯೂಟರ್ ನೋಡಿಕೊಳ್ಳುತ್ತಾನೆ. ಬೇಟೆಯ ಮೂವತ್ತು ವಿಡಿಯೋ ನೋಡಿ ಮುನ್ನೂರು ಸಲಹೆ ಕೊಡುವಷ್ಟು ಧಾರಾಳಿ. ‘ಬನ್ನಿ ಅಂಕಲ್, ಸುಮ್ನೆ ರೇಂಜಿಗೆ ಹೋಗಿ ಬರೋಣ’ ಎಂದು ಒಂದು ಶನಿವಾರ ಗುಂಡು ಹಾರಿಸುವ ಮೈದಾನಕ್ಕೆ ಕರೆದುಕೊಂಡು ಹೋದ. ನೂರು ಗಜ ದೂರದ ಕಾಗದದ ಮೇಲೆ ಸರ್ದಾರ್ ಹೊಡೆದ ಐದು ಗುಂಡೂ ಒಂದು ಟೀ ಲೋಟದ ಬಾಯೊಳಗೆ ಬಿದ್ದವು. ಆ ಕಾಗದವನ್ನು ಮನೆಗೆ ತಂದು ಫ್ರಿಜ್ಜಿಗೆ ಅಂಟಿಸಿ, ಮೊಸರು ಹುಳಿಯಾಗಿದೆ ಎಂದು ಅವಳ ಮೇಲೆ ಕನ್ನಡದಲ್ಲಿ ಕೂಗಾಡಿದರು. ಮುಸರ್ರತ್ ರಮೇಶನ ಮನೆಗೆ ಒಂದು ಡಬರಿ ಬಿರಿಯಾನಿ ಕಳಿಸಿದಳು.

ಆದರೆ ಕಾಡಿಗೆ ಹೋದರೆ ಆ ಕೈಯೇ ಬೇರೆ. ಮೊದಲ ವರ್ಷ ಎರಡು ಗುಂಡು, ಎರಡೂ ನೆಲಕ್ಕೆ. ಎರಡನೆಯ ವರ್ಷ ಒಂದು ಹೆಣ್ಣು ಜಿಂಕೆಗೆ ಕೆಳಹೊಟ್ಟೆಗೆ ತಗುಲಿ ಅದು ಓಡಿಹೋಯಿತು. ಸರ್ದಾರ್ ಕತ್ತಲಾಗುವವರೆಗೆ ರಕ್ತದ ಹನಿ ಹುಡುಕಿಕೊಂಡು ಅಲೆದರು, ಸಿಗಲಿಲ್ಲ. ಮನೆಗೆ ಬಂದವರು ನಾಲ್ಕು ದಿನ ಮಾಂಸ ಮುಟ್ಟಲಿಲ್ಲ. ಈ ವರ್ಷ ಸೀಸನ್ ಶುರುವಾದ ದಿನವೇ ಹೊಡೆದದ್ದು ಮತ್ತೆ ನೆಲಕ್ಕೆ. ಪ್ರತಿ ಸಲ ತಪ್ಪಿದಾಗಲೂ ರಮೇಶ ಒಂದು ಹೊಸ ಸ್ಟ್ಯಾಂಡ್ ತರಿಸುತ್ತಿದ್ದ. ಅದನ್ನು ರೇಂಜಿಗೆ ಒಯ್ದು ನೋಡಿದರೆ ಗುಂಡುಗಳು ಮತ್ತೆ ಟೀ ಲೋಟದೊಳಗೆ.

ಎರಡು ದಿನದ ಹಿಂದೆ, ಥ್ಯಾಂಕ್ಸ್‌ಗಿವಿಂಗ್ ರಾತ್ರಿ ರಮೇಶನ ಮನೆಯ ಊಟದಲ್ಲಿ ಸರ್ದಾರ್ ಎಲ್ಲರೆದುರಿಗೆ ಹೇಳಿಬಿಟ್ಟರು. “ಶನಿವಾರ ಕೊನೆ ದಿನ. ಆವತ್ತೂ ತಪ್ಪಿದ್ರೆ ಬಂದೂಕು ಮಾರಿಬಿಡ್ತೀನಿ. ವಿಜಯ್ ಕುಮಾರ್, ನೀವು ಕೇಳ್ತಿದ್ರಲ್ಲ, ಸೋಮವಾರ ಬಂದು ತಗೊಂಡು ಹೋಗಿ.” ಪಕ್ಕದೂರು ನೋವೈನ ಆ ವಿಜಯ್ ಕುಮಾರ್ ಮಹಾಶಯ, ಒಂದು ಮಾತಿಗಾದರೂ ಬೇಡ ಅಂಕಲ್ ಎನ್ನದೆ, ಎಷ್ಟು ಗಂಟೆಗೆ ಬರಲಿ ಎಂದು ಕೇಳಿದ. ಮುಸರ್ರತ್‌ಗೆ ಅವನ ತಟ್ಟೆಯಿಂದ ತಾನು ಮಾಡಿ ತಂದಿದ್ದ ಚಿಕನ್ ವಾಪಸ್ ತೆಗೆದುಕೊಳ್ಳಬೇಕೆನ್ನಿಸಿತು. ಅವಳ ಕಣ್ಣಿಗೆ ಕಂಡದ್ದು ಬಂದೂಕಲ್ಲ, ಗರಾಜಿನ ಕುರ್ಚಿ. ಈ ಮನುಷ್ಯ ಇನ್ನೊಂದು ಸಲ ಅದರಲ್ಲಿ ಕೂತರೆ ತಾನು ಎಬ್ಬಿಸಲಾರೆ ಎಂದು ಅವಳಿಗೆ ಖಾತ್ರಿಯಾಗಿತ್ತು.

ಮರುದಿನ, ಐದು ಗಂಟೆ ದಾರಿಯ ಬೋಲಿಂಗ್‌ಬ್ರೂಕಿನಲ್ಲಿರುವ ಮಗ ಹಮ್ಜಾನಿಗೆ ಫೋನ್ ಮಾಡಿದರೆ ಅವನು, “ಮಾಮ್, ಹಿಸ್ ಹ್ಯಾಂಡ್ಸ್ ಶೇಕ್. ಜಸ್ಟ್ ಲೆಟ್ ಹಿಮ್ ಕ್ವಿಟ್,” ಎಂದ. ರಮೇಶನೋ, ಹೆಂಡತಿ ಲತಾಶ್ರೀಯ ಅಣ್ಣನ ಹೊಸಮನೆಯ ಪೂಜೆಗೆಂದು ಅದೇ ಬೋಲಿಂಗ್‌ಬ್ರೂಕಿಗೆ ಹೊರಟುಬಿಟ್ಟ. ಬೆನ್ನು ಆಪರೇಷನ್ ಆದ ಗಂಡಸನ್ನು ಒಬ್ಬನೇ ಕಾಡಿಗೆ ಕಳಿಸುವ ಹಾಗಿಲ್ಲ. ಕೊನೆಗೆ ಈ ಐವತ್ತೊಂಬತ್ತನೇ ವಯಸ್ಸಿನಲ್ಲಿ ಮುಸರ್ರತ್ ಬೇಗಮ್ ಬೇಟೆಗೆ ಹೊರಡಬೇಕಾಯಿತು.

ವೆಸ್ಟ್ ಬ್ರಾಂಚ್ ದಾಟಿ, ಸರ್ದಾರರ ಹಳೆಯ ಗಿರಾಕಿಯೊಬ್ಬನ ಜಮೀನಿನ ಅಂಚಿನಲ್ಲಿ ವ್ಯಾನು ನಿಲ್ಲಿಸಿದಾಗ ಮಧ್ಯಾಹ್ನ ಎರಡು. ಓಕ್ ಮರಗಳ ಕೆಳಗೆ ಬೇಟೆಯ ಗುಡಾರ ಮೊದಲೇ ಹಾಕಿತ್ತು. ಒಳಗೆ ಇಬ್ಬರು ಕೂರಬಹುದು, ಆದರೆ ಇಬ್ಬರೂ ಉಸಿರಾಡಿದರೆ ಒಬ್ಬರಿಗೆ ಜಾಗ ಸಾಲದು. ಸರ್ದಾರ್ ಸ್ಟೂಲಿನ ಮೇಲೆ, ಮುಸರ್ರತ್ ಅವರ ಎಡಗಡೆ ಮಗುಚಿ ಹಾಕಿದ ಬಕೆಟ್ಟಿನ ಮೇಲೆ. ಮೂರು ಕಾಲಿನ ಸ್ಟ್ಯಾಂಡ್ ನೆಟ್ಟು ಬಂದೂಕು ಇಟ್ಟದ್ದಾಯಿತು. ಹಿಂಬದಿಯ ಹಿಡಿ ಅಲುಗದಂತೆ ಅದರ ಕೆಳಗೆ ಒಂದು ಚೀಲ ಕೊಟ್ಟದ್ದಾಯಿತು.

ಆ ಚೀಲದ್ದೂ ಒಂದು ಕಥೆ. ಕಾಳು ತುಂಬಿದರೆ ಚೆನ್ನಾಗಿ ಕೂರುತ್ತದೆ ಎಂದು ರಮೇಶ ಹೇಳಿದ್ದಕ್ಕೆ ಅವಳು ಲತಾಶ್ರೀ ಕೊಟ್ಟ ಹುರುಳಿಕಾಳು ತುಂಬಿ ಹೊಲಿದಿದ್ದಳು. ಸರ್ದಾರ್ ಅದನ್ನು ನೋಡಿ ತಲೆ ಚಚ್ಚಿಕೊಂಡರು. ಚೀಲ ಹರಿದು ನಾಲ್ಕು ಕಾಳು ಚೆಲ್ಲಿದರೆ ಜಿಂಕೆಗೆ ತಿಂಡಿ ಹಾಕಿ ಕರೆದ ಹಾಗೆ, ಇಲ್ಲಿ ಅದು ಕಾನೂನಿಗೆ ವಿರುದ್ಧ, ದಂಡ ಹಾಕುತ್ತಾರೆ. ಹಿಂದಿನ ರಾತ್ರಿ ಅವಳು ಹೊಲಿಗೆ ಬಿಚ್ಚಿ ಹುರುಳಿಯನ್ನು ಸಾರು ಮಾಡಿ, ಚೀಲಕ್ಕೆ ಗಂಡನ ಹಳೆ ಸಾಕ್ಸುಗಳನ್ನು ತುರುಕಿದಳು.

ಮೂರೂಕಾಲಿಗೆ ಒಂದು ಗಂಡು ಜಿಂಕೆ ಬಂತು. ಸರ್ದಾರ್ ಬೆರಳೆತ್ತಿದರು. ಮುಸರ್ರತ್ ಜಿಂಕೆಯ ಕಡೆ ಒಂದು ಸಲ ನೋಡಿ, ಆಮೇಲೆ ಗಂಡನನ್ನೇ ನೋಡತೊಡಗಿದಳು. ಜಿಂಕೆ ಬರುತ್ತದೆ, ಹೋಗುತ್ತದೆ. ಸೋಮವಾರದಿಂದ ಅವಳ ಪಾಲಿಗೆ ಇರುವುದು ಈ ಮುಖ.

ಕೈ ನಡುಗುತ್ತಿರಲಿಲ್ಲ. ಹಮ್ಜಾ ಹೇಳಿದ್ದು ಶುದ್ಧ ಸುಳ್ಳು. ಎರಡೂ ಮೊಣಕೈ ಮಂಡಿಯ ಮೇಲೆ ಭದ್ರವಾಗಿದ್ದವು. ಕೆನ್ನೆ ಬಂದೂಕಿನ ಮರಕ್ಕೆ ಅಂಟಿತ್ತು. ಉಸಿರು ಅರ್ಧ ಬಿಟ್ಟು ನಿಲ್ಲಿಸಿದ್ದರು. ನಳಿಗೆಯ ತುದಿಗೆ, ಗಾಳಿ ಯಾವ ಕಡೆ ಬೀಸುತ್ತದೆಂದು ತಿಳಿಯಲು ರಮೇಶ ಒಂದು ತುಂಡು ಕೆಂಪು ದಾರ ಕಟ್ಟಿದ್ದ. ಗೋಡೆಗೆ ಹೊಡೆದ ಮೊಳೆಯ ಹಾಗೆ ಆ ತುದಿ ಸ್ಥಿರವಾಗಿತ್ತು.

ಆಗ ಸರ್ದಾರ್, “ಬಿಸ್ಮಿಲ್ಲಾಹಿ ಅಲ್ಲಾಹು ಅಕ್ಬರ್,” ಎಂದು ಮೆಲ್ಲಗೆ, ಆದರೆ ಒಂದೊಂದು ಅಕ್ಷರವನ್ನೂ ಬಿಡದೆ ಹೇಳಿದರು. ಗಡ್ಡ ಮೇಲೆ ಕೆಳಗೆ ಆಡಿತು. ಅದರ ಜೊತೆಗೇ ಕೆಂಪು ದಾರವೂ ಮೇಲೆ ಕೆಳಗೆ ಆಡಿತು. ಅಷ್ಟರಲ್ಲಿ ಜಿಂಕೆ ಒಂದು ದಪ್ಪ ಮರದ ಹಿಂದೆ ಸರಿದು ಹಾಗೇ ಹೊರಟುಹೋಯಿತು. ಸರ್ದಾರ್ ಬಂದೂಕಿನ ಕುದುರೆ ಒತ್ತಲಿಲ್ಲ.

ಮುಸರ್ರತ್ ಆ ಕೆಂಪು ದಾರವನ್ನೇ ನೋಡಿದಳು. ಅವಳ ತಲೆಯಲ್ಲಿ ಏನೋ ಒಂದು ಸರಿಯಾದ ಜಾಗಕ್ಕೆ ಬಂದು ಕೂತಿತ್ತು.

“ರೀ, ರೇಂಜಲ್ಲಿ ಹೊಡೀವಾಗ ಬಿಸ್ಮಿಲ್ಲಾ ಹೇಳ್ತೀರಾ?”

“ಕಾಗದಕ್ಕೆ ಯಾಕೆ ಹೇಳ್ತಾರೆ? ಕಾಗದ ತಿಂತೀವಾ?”

“ಕಾಡಲ್ಲಿ?”

“ಕಾಡಲ್ಲಿ ಹೇಳ್ದೆ ಹೊಡೆದ್ರೆ ಹರಾಮ್ ಆಗುತ್ತೆ, ತಿನ್ನೋ ಹಾಗಿಲ್ಲ. ಕಟುಕರ ಮಗಳಾಗಿ ಇದನ್ನ ಕೇಳ್ತೀಯಲ್ಲ.” ಮಾತು ಅಲ್ಲಿಗೆ ನಿಂತಿತು. ಬೋಲ್ಟ್ ಹಿಂದಕ್ಕೆಳೆದು, ಗುಂಡು ತೆಗೆದು ಅಂಗೈಯಲ್ಲಿಟ್ಟುಕೊಂಡು ನೋಡುತ್ತಾ ಕೂತರು. ಆಮೇಲೆ ಅವಳ ಕಡೆ ತಿರುಗದೆ ಹೇಳಿದರು. “ನಂಗೂ ಗೊತ್ತಿದೆ ಮುಸರ್ರತ್. ನಾನೂ ಲೆಕ್ಕ ಹಾಕಿದೀನಿ. ಹೆಸರಿಲ್ದೆ ಹೊಡೆದಿದ್ದೆಲ್ಲಾ ಗುರಿಗೆ ಬೀಳುತ್ತೆ. ಅವನ ಹೆಸರು ತಗೊಂಡು ಹೊಡೆದಿದ್ದು ಒಂದೂ ಬಿದ್ದಿಲ್ಲ. ಆ ಹೆಣ್ಣು ಜಿಂಕೆ ನರಳಿಕೊಂಡು ಎಲ್ಲೋ ಸತ್ತಿತು. ನನ್ನ ಬಾಯಿಂದ ತನ್ನ ಹೆಸರು ಬರೋದು ಅವನಿಗೆ ಬೇಕಿಲ್ಲ. ಅದಕ್ಕೇ ಮಾರ್ತೀನಿ ಅಂದಿದ್ದು.”

ಮುಸರ್ರತ್‌ಗೆ ಮೊದಲು ಪಾಪ ಅನ್ನಿಸಿತು, ಅದರ ಬೆನ್ನಿಗೇ ಸಿಟ್ಟು ಬಂತು. ಮೂರು ವರ್ಷ ಈ ಮನುಷ್ಯ ಇಂಥದ್ದೊಂದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಹೊರಗೆ ಹನ್ನೊಂದು ಕಾಲು ಕೂಡಿಸುತ್ತಾ ತಿರುಗಿದ್ದಾನೆ. ಒಂದು ಮಾತು ಕನ್ನಡದಲ್ಲಾದರೂ ಹೇಳಬಾರದಿತ್ತೇ?

“ಗುಂಡು ಅಲ್ಲೇ ಇರ್ಲಿ, ಕೈಯಲ್ಲಿ. ಬಂದೂಕು ಖಾಲಿ ಅಲ್ವಾ? ಇನ್ನೊಂದ್ಸಲ ನೋಡಿ.” ಅವರು ನೋಡಿದರು. “ಈಗ ಕೆನ್ನೆ ಕೊಟ್ಟು ಹಿಡ್ಕೊಳ್ಳಿ.”

ಅವಳು ಜಾಕೆಟ್ಟಿನ ಜೇಬಿನಿಂದ ಒಂದು ಚಪ್ಪಟೆ ಪೆಪ್ಪರ್‌ಮಿಂಟ್ ತೆಗೆದು, ಕೈ ಚಾಚಿ ನಳಿಗೆಯ ಮೇಲೆ ಇಟ್ಟಳು. “ಬಾಯಿ ಮುಚ್ಕೊಂಡು ಒತ್ತಿ.”

ಟಕ್ ಎಂದು ಖಾಲಿ ಸದ್ದು. ಪೆಪ್ಪರ್‌ಮಿಂಟ್ ಮಿಸುಕಲಿಲ್ಲ.

“ಈಗ ಹೇಳ್ಕೊಂಡು ಒತ್ತಿ.”

“ಖಾಲಿ ಬಂದೂಕಿಗೆ ಅವನ ಹೆಸರಾ? ತಮಾಷೆ ಅಂದ್ಕೊಂಡ್ಯಾ?”

“ಹೆಸರು ಬೇಡ. ಅಷ್ಟೇ ಉದ್ದದ್ದು ಬೇರೆ ಏನಾದ್ರೂ ಹೇಳಿ. ನಿಮ್ಮೂರು ರೈಲ್ವೆ ಸ್ಟೇಷನ್ ಹೇಳಿ.”

ಸರ್ದಾರ್ ಅವಳನ್ನು ದುರುಗುಟ್ಟಿ ನೋಡಿದರು. ಆಮೇಲೆ ಕೆನ್ನೆ ಕೊಟ್ಟು, ಉಸಿರು ನಿಲ್ಲಿಸಿ, “ಅರಸೀಕೆರೆ, ಬಾಣಾವರ, ಕಡೂರು,” ಎಂದರು. ರೈಲು ಕಡೂರು ಮುಟ್ಟಲಿಲ್ಲ. ಬಾಣಾವರದಲ್ಲೇ ಪೆಪ್ಪರ್‌ಮಿಂಟ್ ಜಾರಿ ಒಣ ಎಲೆಗಳ ಮೇಲೆ ಬಿತ್ತು.

“ಬಾಣಾವರಕ್ಕೂ ಬಿತ್ತಲ್ಲ,” ಎಂದಳು ಮುಸರ್ರತ್. “ಬಾಣಾವರದ ಮೇಲೂ ದೇವರಿಗೆ ಕೋಪಾನಾ?”

ಅವಳು ಪೆಪ್ಪರ್‌ಮಿಂಟ್ ಎತ್ತಿ, ಒರೆಸಿ, ಮತ್ತೆ ಇಟ್ಟಳು. ಅವರು ಮತ್ತೆ ಅರಸೀಕೆರೆಯಿಂದ ಹೊರಟರು. ಮತ್ತೆ ಬಿತ್ತು. ಮೂರನೆಯ ಸಲ ಅವಳು ಹೇಳದೆಯೇ ತಾವೇ ಎತ್ತಿ ಇಟ್ಟುಕೊಂಡು, ಒಂದು ಕೈಯಿಂದ ತಮ್ಮ ದವಡೆ ಮುಟ್ಟಿ ನೋಡಿಕೊಳ್ಳುತ್ತಾ ಮಾತಾಡಿದರು. ಇಪ್ಪತ್ತಾರು ವರ್ಷ ಊರವರ ಚಕ್ರದ ಸೊಟ್ಟ ಕಂಡುಹಿಡಿದ ಕಣ್ಣು ಈಗ ನಳಿಗೆಯ ತುದಿಯಲ್ಲಿ ತನ್ನದೇ ಸೊಟ್ಟ ನೋಡುತ್ತಿತ್ತು.

“ಅವನ ಕೆಲಸ ಅಲ್ಲ ರೀ ಇದು. ನಿಮ್ಮ ದವಡೆ ಕೆಲಸ. ಗಡ್ಡ ಆಡಿದ ಹಾಗೆ ಬಂದೂಕು ಆಡುತ್ತೆ. ಮೊದ್ಲು ಹೇಳಿ ಮುಗಿಸಿ. ಆಮೇಲೆ ಉಸಿರು ಬಿಟ್ಟು, ಬಾಯಿ ಮುಚ್ಕೊಂಡು ಹೊಡೀರಿ.”

“ಹೇಳೋದಕ್ಕೂ ಹೊಡೆಯೋದಕ್ಕೂ ಮಧ್ಯೆ ಗ್ಯಾಪ್ ಬಿಡಬಾರದು. ಅದಕ್ಕೇ ನಾನು ಜೊತೆಗೇ ಹೇಳೋದು.”

“ನಮ್ಮಪ್ಪ ತಿಪಟೂರಲ್ಲಿ ನಲವತ್ತು ವರ್ಷ ಕುರಿ ಕೊಯ್ದರು. ಹೆಸರು ಹೇಳಿ ಮುಗಿಸೋರು, ಆಮೇಲೆ ಚೂರಿ. ಅದು ಗ್ಯಾಪಲ್ಲ, ಒಂದು ಉಸಿರು.”

“ನಿಮ್ಮಪ್ಪನ ಕುರಿ ಓಡಿ ಹೋಗ್ತಿರಲಿಲ್ಲ. ಜಿಂಕೆ ಹೆಜ್ಜೆ ತೆಗೆದ್ರೆ?”

“ಇನ್ನೊಂದ್ಸಲ ಹೇಳಿ. ಅವನ ಹೆಸರಿಗೇನು ರೇಷನ್ನಾ?”

ಗುಡಾರದ ಹೊರಗೆ ಕಾಗೆಯೊಂದು ಕೂಗಿತು. ಇಬ್ಬರಿಗೂ ಒಟ್ಟಿಗೇ ನೆನಪಾಯಿತು, ತಾವು ಬೇಟೆಯಾಡಲು ಬಂದವರು, ಕಾಡೆಲ್ಲಾ ಕೇಳುವ ಹಾಗೆ ಜಗಳವಾಡುತ್ತಿದ್ದೇವೆ. ಇನ್ನು ಮೂರು ಮೈಲಿ ಸುತ್ತ ಒಂದು ಜಿಂಕೆಯೂ ಇರಲಾರದು ಎಂದುಕೊಂಡಳು ಮುಸರ್ರತ್. ತನ್ನ ಬಾಯಿಗೂ ಒಂದು ಸ್ಟ್ಯಾಂಡ್ ಬೇಕಿತ್ತು.

ನಾಲ್ಕೂವರೆಯಾಯಿತು, ನಾಲ್ಕೂಮುಕ್ಕಾಲಾಯಿತು. ಕಾಲ್ಬೆರಳುಗಳು ಮರಗಟ್ಟಿದವು. ಕಾನೂನಿನ ಪ್ರಕಾರ ಇನ್ನು ಅರ್ಧ ಗಂಟೆ ಮಾತ್ರ ಗುಂಡು ಹಾರಿಸಬಹುದು. ಮುಸರ್ರತ್ ಮನಸ್ಸಿನಲ್ಲೇ ಆ ಮಡಿಸುವ ಕುರ್ಚಿಯನ್ನು ಮುರಿದು ಕಸಕ್ಕೆ ಹಾಕಿದರೆ ಹೇಗೆ ಎಂದು ಯೋಚಿಸಿದಳು. ಹಾಗೆ ಮಾಡಿದರೆ ಈ ಮನುಷ್ಯ ನೆಲದ ಮೇಲೆ ಕೂರುತ್ತಾನೆ. ಅವನಿಗೆ ಕಾಲು ಬೇಕಿಲ್ಲ.

ಸರ್ದಾರರ ಬೆರಳು ಮೇಲೆದ್ದಿತು.

ಈ ಸಲ ಅವಳು ಜಿಂಕೆಯ ಕಡೆ ತಿರುಗಲೇ ಇಲ್ಲ. ಗುಂಡು ಒಳಗೆ ಹೋದದ್ದು, ಮೊಣಕೈ ಮಂಡಿಗೆ ಬಂದದ್ದು, ಎಡಗೈ ಹಿಂದಿನ ಸಾಕ್ಸಿನ ಚೀಲವನ್ನು ಮೆಲ್ಲಗೆ ಅದುಮಿ ಗುರಿಯನ್ನು ಒಂದಿಷ್ಟು ಇಳಿಸಿದ್ದು, ಎಲ್ಲವನ್ನೂ ನೋಡಿದಳು. ಸರ್ದಾರ್ ಕೆನ್ನೆಯನ್ನು ಮರದಿಂದ ಒಂದು ಬೆರಳಷ್ಟು ಎತ್ತಿ ಹಿಡಿದು, ಹೆಸರು ಹೇಳಿದರು. ಕೆನ್ನೆ ಇಳಿಸಿದರು. ಒಂದು ಕ್ಷಣ ಕಳೆಯಿತು. ಕುದುರೆಯ ಮೇಲೆ ಬೆರಳು ಹೋಗಲಿಲ್ಲ. ಜಿಂಕೆ ಹೆಜ್ಜೆ ಹಾಕಿರಬೇಕು. ಕೆನ್ನೆ ಮತ್ತೆ ಎದ್ದಿತು. ಮತ್ತೆ ಹೆಸರು ಹೇಳಿದರು. ಕೆನ್ನೆ ಇಳಿಯಿತು, ತುಟಿ ಮುಚ್ಚಿತು, ಅರ್ಧ ಉಸಿರು ಹೊರಗೆ ಹೋಗಿ ಅಲ್ಲೇ ನಿಂತಿತು. ಮೂವತ್ತೇಳು ವರ್ಷದ ಸಂಸಾರದಲ್ಲಿ ಗಂಡನ ಬಾಯಿ ಇಷ್ಟು ಗಟ್ಟಿಯಾಗಿ ಮುಚ್ಚಿದ್ದನ್ನು ಕಂಡು ಅವಳು ಮೊದಲ ಸಲ ಸಂತೋಷಪಟ್ಟಳು. ಕೆಂಪು ದಾರ ಅಲುಗಲಿಲ್ಲ.

ಸದ್ದು ಗುಡಾರವನ್ನೇ ಎತ್ತಿ ಇಟ್ಟಂತಾಯಿತು. ಅವಳು ಕಿವಿಯಿಂದ ಕೈ ತೆಗೆಯುವಷ್ಟರಲ್ಲಿ ಸರ್ದಾರ್ ಬಂದೂಕು ಖಾಲಿ ಮಾಡಿ ಕೆಳಗಿಟ್ಟು, ಸೊಂಟದ ಚೂರಿ ಹಿಡಿದು ಹೊರಗೆ ಹೋಗಿಯಾಗಿತ್ತು. ಗುಂಡಿನ ಜೊತೆ ಹೆಸರು ಹೇಳಿದರೂ ಸಾಲದು, ಜೀವವಿರುವಾಗಲೇ ಚೂರಿಯೂ ಆಗಬೇಕು ಎನ್ನುವ ಮೌಲ್ವಿಗಳಿದ್ದಾರೆ. ಸರ್ದಾರ್ ಎರಡನ್ನೂ ಮಾಡುವ ಜಾತಿ. ಡಿಸ್ಕ್ ಆಪರೇಷನ್ ಆದ ಬೆನ್ನು ಹೊತ್ತುಕೊಂಡು ಓಡಬಾರದೆಂದು ಡಾಕ್ಟರು ಹೇಳಿದ್ದನ್ನು ಅವಳು ಹಿಂದಿನಿಂದ ಕೂಗಿ ಹೇಳಿದಳು. ಯಾರೂ ಕೇಳಿಸಿಕೊಳ್ಳಲಿಲ್ಲ.

ಜಿಂಕೆ ಹತ್ತು ಹೆಜ್ಜೆಗಿಂತ ಹೆಚ್ಚು ಹೋಗಿರಲಿಲ್ಲ. ಅವಳು ಹತ್ತಿರ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸರ್ದಾರ್ ಅದರ ಪಕ್ಕ ಮಂಡಿಯೂರಿ ಕೂತು, ಅದರ ಕತ್ತಿನ ಮೇಲೆ ಅಂಗೈ ಇಟ್ಟುಕೊಂಡಿದ್ದರು. ಕಣ್ಣಿನಿಂದ ನೀರು ಗಡ್ಡಕ್ಕೆ ಇಳಿಯುತ್ತಿತ್ತು.

“ತಗೊಂಡ ಮುಸರ್ರತ್,” ಎಂದರು. “ನನ್ನ ಬಾಯಿಂದ ತನ್ನ ಹೆಸರು ತಗೊಂಡ.”

ಅವಳು ಮೊದಲೇ ಹೇಳಿದ್ದೆನಲ್ಲ ಎನ್ನಲು ಹೊರಟಿದ್ದಳು. ಅದನ್ನು ಬಿಟ್ಟು ಜೇಬಿನಿಂದ ಟಿಶ್ಯೂ ಪೇಪರ್ ತೆಗೆದು ಕೊಟ್ಟಳು.

ಜಿಂಕೆಗೆ ಲೈಸೆನ್ಸಿನ ಚೀಟಿ ಕಟ್ಟಿ, ಟಾರ್ಪಾಲಿನಲ್ಲಿ ಸುತ್ತಿ, ಜಮೀನಿನ ಮಾಲೀಕನ ಸಹಾಯದಿಂದ ವ್ಯಾನಿಗೆ ಹಾಕಿದ್ದಾಯಿತು. ಜಾಗ ಸಾಲದೆ ಬಂದೂಕಿನ ಕಾಲುಗಳನ್ನೆಲ್ಲ ಮುಸರ್ರತ್ ತೊಡೆಯ ಮೇಲೆ ಇಟ್ಟುಕೊಳ್ಳಬೇಕಾಯಿತು. ಹೆದ್ದಾರಿಗೆ ಬಂದ ಮೇಲೆ ಬೋಲಿಂಗ್‌ಬ್ರೂಕಿನಿಂದ ರಮೇಶನ ಫೋನ್ ಬಂತು. ಸರ್ದಾರ್ ಸ್ಪೀಕರ್ ಹಾಕಿ ಸುದ್ದಿ ಹೇಳಿದರು.

“ಸೂಪರ್ ಅಂಕಲ್. ಆ ಎರಡನೇ ಟ್ರೈಪಾಡ್ ಅಲ್ವಾ? ನಾನು ಹೇಳಿರಲಿಲ್ವಾ? ಆಂಟಿ, ಕೊಂಬಲ್ಲಿ ಎಷ್ಟು ಕವಲಿದೆ?”

“ನಾನು ಜಿಂಕೆ ಕಡೆ ನೋಡ್ತಿರಲಿಲ್ಲಪ್ಪ,” ಎಂದಳು ಮುಸರ್ರತ್.

“ಹೌದು ರಮೇಶ, ಟ್ರೈಪಾಡ್ ಬಹಳ ಚೆನ್ನಾಗಿದೆ,” ಎಂದರು ಸರ್ದಾರ್. ಅವಳು ಕತ್ತು ತಿರುಗಿಸಿ ನೋಡಿದಳು. ಕೃತಘ್ನ ಮನುಷ್ಯ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, “ವಿಜಯ್ ಕುಮಾರ್‌ಗೆ ಸೋಮವಾರ ಬರೋದು ಬೇಡ ಅಂತ ಹೇಳ್ಬಿಡು,” ಎಂದು ರಮೇಶನಿಗೆ ಹೇಳಿ ಫೋನ್ ಇಟ್ಟರು. ಆಮೇಲೆ ಮನೆ ಬರುವವರೆಗೆ, ಅವಳು ಸಾಕ್ಸ್ ತುಂಬಿದ ಚೀಲ ಎಷ್ಟು ಮೆತ್ತಗಿದೆ, ಅದನ್ನು ಹೊಲಿಯುವ ರೀತಿಯೇ ಅದಲ್ಲ ಎಂದು ಕನ್ನಡದಲ್ಲಿ ಬಯ್ಯುತ್ತಾ ಬಂದರು. ಅವಳೂ ಬಿಡಲಿಲ್ಲ.

ಮನೆಯ ಗರಾಜಿನಲ್ಲಿ ಸರ್ದಾರ್ ಆ ಮಡಿಸುವ ಕುರ್ಚಿಯನ್ನು ಎಳೆದುಕೊಂಡು ಕೂತರು. ಮುಸರ್ರತ್ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು. ಅವರು ಬಗ್ಗಿ, ನರಳುತ್ತಾ, ಒಂದು ಬೂಟು ಬಿಚ್ಚಿದರು. ಇನ್ನೊಂದು ಬೂಟು ಬಿಚ್ಚಿದರು. ಕೆಸರು ನೆಲದ ತುಂಬ ಆಯಿತು. ಅವಳು ಕೆಸರಿನ ಬಗ್ಗೆ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಎದ್ದು, ಕುರ್ಚಿ ಮಡಿಸಿ ಗೋಡೆಗೆ ಒರಗಿಸಿ, ಹುರುಳಿಸಾರು ಉಳಿದಿದೆಯಾ ಎಂದು ಕೇಳುತ್ತಾ ಒಳಗೆ ಬಂದರು.